ಪೌತಿ

ಪಾಂಡವಪುರದ ತಾಲ್ಲೂಕು ಕಚೇರಿ ಮುಂದೆ
ಹೊಂಗೆಮರಕ್ಕೆ ಸರಪಳಿ ಬಿಗಿದ ಮೇಜು.
ಪತ್ರ ಬರೆಯುವ ಶಿವನಂಜಪ್ಪ ನಮ್ಮ ಪಹಣಿಯನ್ನು
ಬಿಸಿಲಿಗೆ ಎತ್ತಿ ಹಿಡಿದ,
ಕಾವಿಗಿಟ್ಟ ಮೊಟ್ಟೆಯೊಳಗೆ ಮರಿಯುಂಟೋ ಎಂದು ನೋಡುವಂತೆ.

'ಇದು ಪೌತಿ ಆಗಿಲ್ಲ ಕಣವ್ವ.'
'ಹಂಗಂದ್ರೆ?'
'ಸತ್ತೋರು ಸತ್ತವ್ರೆ ಅಂತ ಸರ್ಕಾರಕ್ಕೆ ತಿಳಿದಿಲ್ಲ.'

ಅಜ್ಜಿ ಸತ್ತು ಮೂವತ್ತೊಂದು ವರ್ಷ.
ಕೊನೆಗೆ ಬಾಯಿಗೆ ನೀರು ಬಿಟ್ಟವಳು ನಾನು,
ಲೋಟದಲ್ಲಲ್ಲ, ಕೂಸಿಗೆ ಹಾಲೆರೆಯುವ ಒಳಲೆಯಲ್ಲಿ.
ಮಣ್ಣು ಮಾಡಿದ್ದು ಎಮ್ಮೆಗದ್ದೆಯ ಮೂಡಲ ಬದುವಿನಲ್ಲಿ.
ಎರಡು ಎಮ್ಮೆ ಮಾರಿ ಅವಳೇ ಕೊಂಡ ಹದಿನೆಂಟು ಗುಂಟೆ,
ಸರ್ವೆ ನಂಬರ್ ನೂರಾ ಹನ್ನೆರಡು ಬಾರ್ ಮೂರು.

ಆದರೂ ಕಲಂ ಒಂಬತ್ತರಲ್ಲಿ ಕಾಲು ಚಾಚಿ ಕೂತಿದ್ದಾಳೆ:
ಕೆಂಚಮ್ಮ ಕೋಂ ಲೇಟ್ ಬೋರಲಿಂಗೇಗೌಡ.
ತಾತ ಸತ್ತದ್ದು ಕಾಗದಕ್ಕೆ ಗೊತ್ತು,
ಅಜ್ಜಿ ಸತ್ತದ್ದು ಗೊತ್ತಿಲ್ಲ.
ನಾಲೆ ನೀರಿನ ಕಂದಾಯ ಈಗಲೂ ಅವಳಿಗೇ ಬರುತ್ತದೆ.
ಹೋದ ವರ್ಷ ಬೆಳೆ ಸಮೀಕ್ಷೆಯ ಹುಡುಗ
ಮೊಣಕಾಲುದ್ದ ಕೆಸರಲ್ಲಿ ಬಾಗಿದ್ದ ನನ್ನ ಬೆನ್ನಿನ ಫೋಟೋ ಹೊಡೆದು
ಮೊಬೈಲಿಗೆ ಒತ್ತಿದ:
ಬೆಳೆ, ಭತ್ತ. ಬೆಳೆದವರು, ಕೆಂಚಮ್ಮ.
ನಾನು ಬೇಡ ಅನ್ನಲಿಲ್ಲ.

ಕಿರುಗಾವಲಿನಿಂದ ಎಂಟೇ ತಿಂಗಳಿಗೆ
ಟ್ರಂಕು ಹೊತ್ತು ವಾಪಸ್ ಬಂದವಳಿಗೆ
ಬದುಕಿದ್ದವರ ಮನೆಯಲ್ಲಿ ಹಿತ್ತಿಲ ಕೋಣೆ ಸಿಕ್ಕಿತು,
ಸತ್ತವಳ ಗದ್ದೆಯಲ್ಲಿ ಅನ್ನ.

ಶಿವನಂಜಪ್ಪ ವಂಶದ ಗೆರೆ ಎಳೆಯತೊಡಗಿದ.
ಚೆಲುವರಾಜು ಬಿನ್ ಲೇಟ್ ನಿಂಗೇಗೌಡ.
ಶಿವರುದ್ರ ಬಿನ್ ಲೇಟ್ ನಿಂಗೇಗೌಡ.
'ನಿಮ್ದು? ಕೋಂ ಹಾಕ್ಲಾ, ಬಿನ್ ಹಾಕ್ಲಾ?'
ಪೆನ್ನು ಗಾಳಿಯಲ್ಲೇ ನಿಂತಿತು.
ಗಂಡನ ಹೆಸರು ನನ್ನ ನಾಲಿಗೆಗೆ ಬಂದು ಇಪ್ಪತ್ತಾರು ವರ್ಷ.
'ಕೆಂಚಮ್ಮನ ಮೊಮ್ಮಗಳು ಅಂತ ಬರೀರಿ.'
'ಹಂಗ್ ಬರಿಯಾಕೆ ಜಾಗ ಇಲ್ಲ ತಾಯಿ.'
ಬಿನ್ ಎಂದೇ ಬರೆದ.
ಐವತ್ತೆರಡಕ್ಕೆ ಮಗನಾದೆ.

ಅಣ್ಣನ ಜೇಬಲ್ಲಿ ಇನ್ನೊಂದು ಛಾಪಾಕಾಗದ
ಅರ್ಧ ತಲೆ ಹೊರಗೆ ಹಾಕಿ ಇಣುಕುತ್ತಿತ್ತು.
ಮೊದಲು ಪೌತಿ, ಆಮೇಲೆ ಹಕ್ಕು ಖುಲಾಸೆ.
ಅರಿಶಿನ ಕುಂಕುಮದ ಬಾಬ್ತು ಐವತ್ತು ಸಾವಿರ
ನನಗೆ ಮುಟ್ಟಿದೆ ಎಂದು ಮೊದಲೇ ಟೈಪಾಗಿತ್ತು.
ಖುಲಾಸೆ ಎನ್ನುವುದು
ಕೊಲೆ ಕೇಸಿನವರಿಗೆ ಆಗುವಂಥದ್ದೆಂದು ಪೇಪರಿನಲ್ಲಿ ಓದಿದ್ದೆ.
ನಾನು ಯಾರನ್ನು ಕೊಂದಿದ್ದೆ?

ಮರಣದ ನೋಂದಣಿ ಇರಲಿಲ್ಲ. ಕೋರ್ಟಿಗೆ ಹೋದೆವು.
'ಸತ್ತದ್ದನ್ನು ಕಣ್ಣಾರೆ ಕಂಡವರು ಯಾರು?'
ಅಣ್ಣಂದಿರಿಬ್ಬರೂ ಆ ರಾತ್ರಿ ಆಲೆಮನೆಯಲ್ಲಿದ್ದರು.
ಕಟಕಟೆ ಹತ್ತಿದವಳು ನಾನೇ.
'ಕಂಡಿವ್ನಿ ಸ್ವಾಮಿ' ಅಂದೆ.
ಬುಧವಾರ, ಬೆಳಗ್ಗೆ ಹನ್ನೊಂದೂವರೆ ಗಂಟೆಗೆ,
ಅಜ್ಜಿ ಸತ್ತಳು.
ಹೊರಗೆ ಬಂದು ಅತ್ತೆ. ಅಣ್ಣ ಎಳನೀರು ಕೊಡಿಸಿದ.

ಈಗ ಚಾವಡಿ ಗೋಡೆಗೆ ನೋಟೀಸು ಅಂಟಿಸಿದ್ದಾರೆ,
ಪೋಲಿಯೋ ಹನಿಯ ಚಿತ್ರದ ಮೇಲೆ, ಸೊಟ್ಟಗೆ:
ಸದರಿ ಕೆಂಚಮ್ಮನವರು ಪೌತಿಯಾಗಿದ್ದು
ತಕರಾರು ಉಳ್ಳವರು ಮೂವತ್ತು ದಿನಗಳೊಳಗೆ.

ಇಂದು ಇಪ್ಪತ್ತೆಂಟನೆಯದು.
ಸಂಜೆ ನಮ್ಮ ಸರದಿಯ ನೀರು.
ತೂಬು ಬಿಚ್ಚಿ, ಗುದ್ದಲಿ ಊರಿ,
ಮೂಡಲ ಬದುವಿನ ಕಲ್ಲಿನ ಪಕ್ಕ ಕೂತೆ.

ತಕರಾರು ಇದ್ರೆ ಹೇಳಜ್ಜಿ,
ಇನ್ನೂ ಎರಡು ದಿನ ಐತೆ.

ನೀರು ಕಲ್ಲನ್ನು ಬಳಸಿಕೊಂಡು ಒಳಗೆ ಬರುತ್ತಿತ್ತು.

ನನ್ನದೂ ಒಂದೈತೆ,
ಶಿವನಂಜಪ್ಪನ ಕೈಲೇ ಬರೆಸಿ ಸೊಂಟದಲ್ಲಿ ಸಿಗಿಸಿಕೊಂಡಿವ್ನಿ.
ಆದ್ರೂ ಹಿರಿಯಳು ನೀನು.
ಮೊದಲು ನಿಂದು.